ಅವ್ವ ಅನ್ನಲಾರದ ಗುಡ್ಡದ ಹೆಸರು

ಗುಡ್ಡದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನನ್ನ ಅಣ್ಣನ ಹೆಸರೂ ಅದೇ, ಸದ್ಯಕ್ಕೆ ಅವನ ಹೆಸರೆತ್ತುವ ಮನಸ್ಸು ನನಗಿಲ್ಲ. ನೋಡಲೇಬೇಕು ಎನ್ನುವವರು ಚಿಂಚೋಳಿಯಲ್ಲಿ ಕುಂಚಾವರಂ ಬಸ್ಸು ಹತ್ತಲಿ. ಕರಿ ಹೊಲಗಳು ಮುಗಿದು ಕೆಂಪು ಮಣ್ಣು ಶುರುವಾದ ಮೇಲೆ ಎಡಗಡೆ ಕಿಟಕಿಯಲ್ಲಿ ಕಾಣಿಸುತ್ತದೆ. ತಲೆ ಚಪ್ಪಟೆ, ಹೊಟ್ಟೆ ದೊಡ್ಡದು, ಉಂಡು ಕಟ್ಟೆಯ ಮೇಲೆ ಕೂತ ಯಜಮಾನನ ಹಾಗೆ. ಅದರ ಬುಡದಲ್ಲಿ ಈಗ ನೀಲಿ ಬೋರ್ಡೊಂದು ನಿಂತಿದೆ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ‘ಸಾಗರಗಿರಿ’ ಎಂದಿದೆ. ಅದರ ಕೆಳಗೆ ‘ಒಂದು ಕಾಲಕ್ಕೆ ಕಡಲ ತೀರದಲ್ಲಿದ್ದ ಶಿಖರ’. ಇನ್ನೂ ಕೆಳಗೆ, ಬಗ್ಗಿ ಓದಬೇಕಾದಷ್ಟು ಸಣ್ಣಕ್ಷರದಲ್ಲಿ, ‘ಭೂಗೋಳ ತಜ್ಞರ ಅಭಿಪ್ರಾಯದಂತೆ’. ಆ ತಜ್ಞೆ ನಾನು. ಯಾರೂ ನನ್ನ ಅಭಿಪ್ರಾಯ ಕೇಳಿರಲಿಲ್ಲ.

ಕಡಲು ಎಂಬುದು ನಮ್ಮ ಕಡೆಯವರಿಗೆ ಟೀವಿಯಲ್ಲಿ ಕಾಣುವ ವಸ್ತು. ಸೇಡಂ, ಚಿತ್ತಾಪುರ, ಚಿಂಚೋಳಿ, ಯಾವ ದಿಕ್ಕಿಗೆ ಹೊರಟರೂ ಉಪ್ಪು ನೀರು ಸಿಗುವುದು ಒಂದು ಹಗಲು ಒಂದು ರಾತ್ರಿಯ ದಾರಿ ಸವೆಸಿದ ಮೇಲೆ. ನಾನು ಚಿತ್ತಾಪುರದ ಒಂದು ಕಾಲೇಜಿನಲ್ಲಿ ಭೂಗೋಳ ಹೇಳುತ್ತೇನೆ. ಕೊಟ್ಟ ಮನೆ ಶಹಾಬಾದಿನಲ್ಲಿ. ದಿನಾ ವಾಡಿ ಮೇಲೆ ಓಡಾಟ. ತವರು ಆ ಗುಡ್ಡದ ಬುಡದ ಹಳ್ಳಿ. ಮಕ್ಕಳಿಗೆ ಕರಾವಳಿ, ಕೊಲ್ಲಿ, ಭೂಶಿರ ಎಲ್ಲ ನಕ್ಷೆಯ ಮೇಲೆ ಬೆರಳಿಟ್ಟು ಕಲಿಸಿದ್ದೇನೆ. ನನ್ನ ತವರಿನ ಗುಡ್ಡವೇ ಕರಾವಳಿಯಲ್ಲಿದೆ ಎಂದು ನನಗೆ ನನ್ನ ಅಣ್ಣ ಕಲಿಸಿದ.

ಗುಡ್ಡದ ಬಗ್ಗೆ ಮೊದಲು ಸರಿಯಾಗಿ ಹೇಳಿಬಿಡುತ್ತೇನೆ, ಬೋರ್ಡು ಹೇಳದೆ ಬಿಟ್ಟಿದ್ದನ್ನು. ಅದು ಲಾವಾ ಕಲ್ಲಿನ ಗುಡ್ಡ. ಮೇಲೆ ಜಂಬಿಟ್ಟಿಗೆಯ ಟೊಪ್ಪಿಗೆ, ತೂತು ತೂತಾದ ಕೆಂಪು ಕಲ್ಲು. ಮಳೆ ಬಿದ್ದರೆ ಆ ತೂತುಗಳಲ್ಲಿ ಇಳಿದ ನೀರು ಬೇಸಿಗೆಯವರೆಗೂ ಬುಡದ ಒರತೆಯಲ್ಲಿ ಜಿನುಗುತ್ತದೆ. ಇಳಿಜಾರಿನ ತುಂಬ ತೇಗ, ಮುತ್ತುಗ, ಸೀತಾಫಲ. ದೀಪಾವಳಿಯ ಹೊತ್ತಿಗೆ ಸೀತಾಫಲ ಒಡೆದು ಇಡೀ ಗುಡ್ಡದಿಂದ ಸಿಹಿ ವಾಸನೆ ಬರುತ್ತದೆ. ಮೇಲೆ ನಿಂತರೆ ಒಂದು ಕಡೆ ಚಿಮ್ಮನಚೋಡದ ಕಡೆಯ ತೊಗರಿ ಹೊಲಗಳು, ಇನ್ನೊಂದು ಕಡೆ ತೆಲುಗು ಸೀಮೆಯ ಕಾಡು. ನಡುವೆ ತಲೆಯ ಮೇಲೆ ಒಂದು ಗದ್ದುಗೆ. ಅದಕ್ಕೆ ಹಸಿರು ಚಾದರ, ಮುಂದೆ ಎಣ್ಣೆ ದೀಪ, ಪಕ್ಕದಲ್ಲಿ ಒಡೆದ ತೆಂಗಿನಕಾಯಿಯ ಚೂರು.

ಆ ಗದ್ದುಗೆಯಲ್ಲಿ ಮಲಗಿರುವ ಹಿರಿಯನ ಹೆಸರೇ ಗುಡ್ಡದ ಹೆಸರು. ಅವನು ಶರಣ ಎಂದು ನಮ್ಮ ಮನೆಗಳಲ್ಲಿ, ವಲಿ ಎಂದು ಪಕ್ಕದ ಮುಸಲ್ಮಾನರ ಮನೆಗಳಲ್ಲಿ. ಬೀದರಿನ ಕಡೆಯಿಂದ ಬಂದ ಎನ್ನುವವರಿದ್ದಾರೆ, ಕಾಡಿನ ಆಚೆಯಿಂದ ದನ ಕಾಯುತ್ತ ಬಂದ ಎನ್ನುವವರೂ ಇದ್ದಾರೆ. ಎರಡೂ ಕಡೆಯವರು ಒಪ್ಪುವ ಮಾತು ಒಂದೇ: ಊರಿಗೆ ರೋಗ ಬಂದಾಗ ಒರತೆಯ ನೀರನ್ನು ಕೊಡ ಹೊತ್ತು ಮನೆಮನೆಗೆ ಕೊಟ್ಟವನು ಅವನು. ನಾವು ಅವನ ಹೆಸರಿನ ಮುಂದೆ ಗುಡ್ಡ ಹಚ್ಚಿದೆವು, ತೆಲುಗಿನವರು ಗುಟ್ಟ ಹಚ್ಚಿದರು, ಮುಸಲ್ಮಾನರು ಪಹಾಡ್ ಹಚ್ಚಿದರು. ಬಾಲ ಬೇರೆ ಬೇರೆ, ಹೆಸರು ಒಂದೇ. ಸರಕಾರದ ನಕ್ಷೆಯಲ್ಲಿ ಮಾತ್ರ ಅಲ್ಲೊಂದು ಚುಕ್ಕೆ, ಪಕ್ಕದಲ್ಲಿ ಎತ್ತರ ಹೇಳುವ ಅಂಕಿ. ಹೆಸರಿಲ್ಲ. ಕಾಲೇಜು ಓದುವಾಗ ಆ ನಕ್ಷೆ ಮೊದಲ ಸಲ ನೋಡಿ ನನಗೆ ಭಾರಿ ಅವಮಾನವಾಗಿತ್ತು. ಆಮೇಲೆ ತಿಳಿಯಿತು, ಅಳೆಯಲು ಬಂದವರು ಬಾವಿಯ ಹತ್ತಿರ ಹೆಂಗಸರನ್ನು ಕೇಳಿರಬೇಕು.

ಯಾಕೆಂದರೆ ನಮ್ಮೂರಲ್ಲಿ ಪ್ರತಿ ಮನೆಯ ಹಿರಿಯ ಮಗನಿಗೆ ಗುಡ್ಡದ ಹೆಸರಿಡುತ್ತಾರೆ. ಅಜ್ಜನಿಗೆ ಇದ್ದದ್ದು ಮೊಮ್ಮಗನಿಗೆ. ಮುಸಲ್ಮಾನರು ಹಿಂದೊಂದು ಮುಂದೊಂದು ಸೇರಿಸಿ ಅದನ್ನೇ ಇಡುತ್ತಾರೆ. ಹೀಗಾಗಿ ಊರಿಗೆ ಸೊಸೆಯಾಗಿ ಬಂದ ಯಾವ ಹೆಣ್ಣಿಗಾದರೂ ಗಂಡನೋ, ಮಾವನೋ, ಭಾವನೋ, ಯಾರೋ ಒಬ್ಬರು ಆ ಹೆಸರಿನವರು ಇದ್ದೇ ಇರುತ್ತಾರೆ. ಅವರ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವಂತಿಲ್ಲ. ಗಂಡನ ಹೆಸರು ಹೇಳದಿರುವುದು ಎಲ್ಲ ಊರಿನಲ್ಲೂ ಇತ್ತು, ಈಗಲೂ ಹಳೆಯವರಲ್ಲಿ ಇದೆ. ಬೇರೆ ಊರುಗಳಲ್ಲಿ ಅದಕ್ಕೊಂದು ದಾರಿ ಉಂಟು. ಇವಳ ಗಂಡನ ಹೆಸರು ಅವಳು ಹೇಳುತ್ತಾಳೆ, ಅವಳ ಗಂಡನ ಹೆಸರು ಇವಳು. ನಮ್ಮೂರಲ್ಲಿ ಆ ದಾರಿಯೂ ಬಂದ್. ಎಲ್ಲರಿಗೂ ಒಂದೇ ಹೆಸರಾದರೆ ಯಾರು ಯಾರ ಪರವಾಗಿ ಹೇಳಬೇಕು?

ನಮ್ಮವ್ವನಿಗೆ ಅದು ಮಾವನ ಹೆಸರು. ಗುಡ್ಡಕ್ಕೆ ಅವಳು ‘ಹಿರ್ಯಾರು’ ಅನ್ನುತ್ತಿದ್ದಳು. ‘ಹಿರ್ಯಾರ ಮ್ಯಾಲ ಮೋಡ ಕುಂತಾವ, ಹಪ್ಪಳ ಒಳಗ ತರ್ರಿ’ ಎಂದರೆ ಗುಡ್ಡದ ಮೇಲೆ ಮೋಡ ಎಂದು ಅರ್ಥ. ನಾವು ಮಕ್ಕಳು ಹಲ್ಲು ಕಿರಿಯುತ್ತಿದ್ದೆವು. ಅಣ್ಣನಿಗೆ ಅಜ್ಜನ ಹೆಸರಿಟ್ಟಿದ್ದರಿಂದ ತಾನೇ ಹಡೆದ ಮಗನನ್ನೂ ಅವಳು ಹೆಸರು ಹಿಡಿದು ಕರೆಯಲಿಲ್ಲ. ‘ಅಪ್ಪಾ’ ಎಂದೇ ಕರೆದಳು, ಇವತ್ತಿನವರೆಗೂ.

ಆಗ ಹೆಸರು ಹೇಳುವ ಕೆಲಸ ಮನೆಯ ಹೆಣ್ಣುಮಕ್ಕಳದು. ಮಗಳಿಗೆ, ಮೊಮ್ಮಗಳಿಗೆ ಆ ಕಟ್ಟು ಇಲ್ಲ. ರೇಷನ್ ಅಂಗಡಿಗೆ, ದವಾಖಾನೆಗೆ, ಚಿಂಚೋಳಿಯ ಕಚೇರಿಗೆ ಅವ್ವ ನನ್ನನ್ನು ಕರೆದುಕೊಂಡೇ ಹೋಗುತ್ತಿದ್ದಳು. ಯಾರಾದರೂ ‘ಮನಿ ಯಜಮಾನ್ರ ಹೆಸರೇನು’ ಎಂದ ಕೂಡಲೇ ಅವ್ವ ನನ್ನ ಮುಖ ನೋಡುತ್ತಿದ್ದಳು. ನಾನು ಎದೆ ಉಬ್ಬಿಸಿ ಅಜ್ಜನ ಹೆಸರು ಒದರುತ್ತಿದ್ದೆ. ಅವ್ವ ನೋಡುವುದೆಂದರೆ ಅದು ಬರೀ ನೋಟ ಅಲ್ಲ, ‘ನನ್ನ ಬಾಯಿ ಆಗು’ ಅಂತ. ನಮ್ಮೂರಲ್ಲಿ ಹುಟ್ಟಿದ ಎಂಥ ದಡ್ಡನಿಗೂ ಆ ನೋಟ ಗೊತ್ತಾಗುತ್ತದೆ. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ, ಮುಂದೆ ನಡೆದದ್ದು ತಿಳಿಯದೆ ನಡೆದದ್ದು ಎಂದು ಯಾರೂ ಅಂದುಕೊಳ್ಳಬಾರದು.

ಅಣ್ಣ ನನಗಿಂತ ದೊಡ್ಡವನು. ನಾವು ಸಣ್ಣವರಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡ್ಡ ಹತ್ತುತ್ತಿದ್ದ. ಸೀತಾಫಲ ಹಣ್ಣಾಗಿದೆಯೋ ಇಲ್ಲವೋ ಎಂದು ಅದರ ಮೈಮೇಲಿನ ಕಣ್ಣು ನೋಡಿ ಹೇಳುವುದನ್ನು ಕಲಿಸಿದವನು ಅವನೇ. ಮುಂದೆ ಓದಲು ಕಲಬುರಗಿಗೆ ಹೋದ, ಓದು ಅರ್ಧಕ್ಕೆ ಬಿಟ್ಟು ಬಂದ. ಯಾಕೆ ಬಿಟ್ಟೆ ಎಂದರೆ ‘ಹತ್ತಲಿಲ್ಲ’ ಅನ್ನುತ್ತಿದ್ದ. ಹೊಲ ನೋಡಿಕೊಂಡ, ಮದುವೆಯಾದ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯನಾದ. ನಾನು ಅವನನ್ನು ಕಣ್ಣು ಮುಚ್ಚಿ ನಂಬಿದ್ದೆ. ಅಣ್ಣ ಇದ್ದಾನೆ ಎನ್ನುವ ಧೈರ್ಯದಲ್ಲಿ ತವರಿನ ಬಗ್ಗೆ ಚಿಂತೆಯನ್ನೇ ಮಾಡಿರಲಿಲ್ಲ.

ಅವನು ಒಮ್ಮೆ ಶಹಾಬಾದಿಗೆ, ನನ್ನ ಮನೆಗೆ ಬಂದಿದ್ದ. ಊಟ ಮುಗಿಸಿ ಪಡಸಾಲೆಯಲ್ಲಿ ಬರೀ ಕಲ್ಲಿನ ಮೇಲೆ ಉರುಳಿಕೊಂಡಿದ್ದ. ನಮ್ಮ ಮನೆಯ ನೆಲಕ್ಕೆಲ್ಲ ಊರಿನ ಖಣಿಯ ಹಾಸುಗಲ್ಲು, ಪರಸಿಯೇ. ಒಂದು ಕಲ್ಲಿನ ಮೇಲೆ ಸಣ್ಣ ಸಣ್ಣ ಏರಿಳಿತ ಇದೆ, ಕೈ ಆಡಿಸಿದರೆ ತಿಳಿಯುತ್ತದೆ. ನಾನು ಅವನ ಕೈ ಹಿಡಿದು ಅದರ ಮೇಲಿಟ್ಟು ಹೇಳಿದೆ, ಇದು ತೆರೆಯ ಗುರುತು, ಬಹಳ ಹಿಂದೆ ಇಲ್ಲೆಲ್ಲ ಆಳವಿಲ್ಲದ ಸಮುದ್ರವಿತ್ತು, ಈ ಪರಸಿ ಅದರ ತಳದ ಕೆಸರು. ಅಣ್ಣ ಎದ್ದೇ ಕೂತ.

‘ಖರೇ ಅಂತೀ? ಸಮುದ್ರ? ನಮ್ಮ ಶಹಾಬಾದಿನ್ಯಾಗ?’

‘ಖರೇ. ಸೇಡಂ, ವಾಡಿ ಎಲ್ಲಾ ಅದರ ತಳ.’

‘ಹಂಗಾರ ನಮ್ಮ ಗುಡ್ಡದ ಕಾಲಿಗಿ ತೆರಿ ಬಡೀತಿದ್ವೇನು?’

ಇಲ್ಲ ಎಂದೆ. ಸಮುದ್ರವಿದ್ದಾಗ ಗುಡ್ಡ ಇರಲಿಲ್ಲ, ಸಮುದ್ರ ಒಣಗಿ ಎಷ್ಟೋ ಕಾಲವಾದ ಮೇಲೆ ಲಾವಾ ಹರಿದು ಗುಡ್ಡ ಆಯಿತು, ಅವೆರಡೂ ಒಂದರ ಮುಖ ಒಂದು ನೋಡಿಲ್ಲ ಎಂದು ಬಿಡಿಸಿ ಹೇಳಿದೆ. ತಲೆಯಾಡಿಸಿದ. ಮತ್ತೆ ಮತ್ತೆ ಕಲ್ಲಿನ ಮೇಲೆ ಕೈಯಾಡಿಸಿದ. ಅಣ್ಣನಿಗೆ ನನ್ನ ಪಾಠ ಹಿಡಿಸಿತು ಎಂದು ನಾನು ಹಿಗ್ಗಿದೆ. ಕಾಲೇಜಿನ ಮಕ್ಕಳು ಆಕಳಿಸುತ್ತ ಕೇಳುವ ವಿಷಯವನ್ನು ಓದು ಬಿಟ್ಟ ಅಣ್ಣ ಕಣ್ಣರಳಿಸಿ ಕೇಳಿದ ಎಂದು ಯಜಮಾನರ ಮುಂದೆಯೂ ಹೇಳಿಕೊಂಡೆ.

ಆ ಮಾತಿಗೆ ಒಂದು ಮಳೆಗಾಲ ಕಳೆಯಿತು. ಒಂದು ದಿನ ತರಗತಿಗೆ ಹೋದರೆ ಹಿಂದಿನ ಸಾಲಿನ ಹುಡುಗಿಯರು ಒಬ್ಬರಿಗೊಬ್ಬರು ತಿವಿದುಕೊಂಡು ನಗುತ್ತಿದ್ದಾರೆ. ಏನು ಎಂದು ಗದರಿದೆ. ಒಬ್ಬಳು ಎದ್ದು ನಿಂತು, ‘ಮೇಡಂ, ಈ ಸಲ ಟ್ರಿಪ್ ನಿಮ್ಮ ತವರಿಗೇ ಹೋಗಮ್ರಿ. ಸಮುದ್ರದ ದಂಡಿ ಅಂತಲ್ರಿ’ ಎಂದಳು. ಮೊಬೈಲಿನಲ್ಲಿ ಬೋರ್ಡಿನ ಫೋಟೊ ತೋರಿಸಿದಳು. ಬೋರ್ಡಿನ ಪಕ್ಕದಲ್ಲಿ ಹಾರ ಹಾಕಿಸಿಕೊಂಡ ನಾಲ್ಕೈದು ಜನ. ನಡುವೆ ನನ್ನ ಅಣ್ಣ.

ಮೊದಲು ನಗು ಬಂತು. ತಪ್ಪು ತಿಳಿದುಕೊಂಡಿದ್ದಾನೆ, ಪಾಪ, ಹೇಳಿ ಸರಿಪಡಿಸಿದರಾಯಿತು ಎಂದುಕೊಂಡೆ. ಹೆಸರು ಹೋದದ್ದು ತಲೆಗೆ ಹತ್ತಿದ್ದು ಸಂಜೆ, ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಗಾಡಿ ಕಾಯುತ್ತ ಕೂತಾಗ. ಗುಡ್ಡಕ್ಕೆ ಹೆಸರಿತ್ತಲ್ಲ? ಅದನ್ನು ಯಾರು ತೆಗೆದರು? ತೆಗೆಯುವಾಗ ನಮ್ಮ ಊರಿನವರೆಲ್ಲ ಏನು ಮಾಡುತ್ತಿದ್ದರು? ಅಣ್ಣನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಮದುವೆಯಾಗಿ ಬಂದಾಗಿನಿಂದ ಅಣ್ಣ ನನ್ನ ಫೋನು ಎತ್ತದೆ ಇದ್ದದ್ದು ಅದೇ ಮೊದಲು.

ಭಾನುವಾರ ಸೇಡಂ, ಚಿಂಚೋಳಿ ಹಾದು ಊರು ಮುಟ್ಟಿದೆ. ಅಣ್ಣ ಮನೆಯಲ್ಲಿರಲಿಲ್ಲ. ವೈನಿ, ಅಣ್ಣನ ಹೆಂಡತಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ‘ಬಾ ತಂಗಿ, ಕುಂದ್ರು’ ಎಂದಳೇ ಹೊರತು ಮುಖ ಕೊಡಲಿಲ್ಲ. ನಾನು ನೀರು ಕೂಡ ಮುಟ್ಟದೆ ಕೇಳಿದೆ. ಅವಳು ರೊಟ್ಟಿಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು.

‘ಅವತ್ತ ಚಿಂಚೋಳಿ ಸಂತಿ ಇತ್ತು. ಗಂಡಸ್ರು ಯಾರೂ ಊರಾಗ ಇರಲಿಲ್ಲ. ಇವ್ರೊಬ್ರೇ ಹೋಗಲಿಲ್ಲ, ಕಾಲು ನೂಸ್ತಾವ ಅಂದ್ರು. ಹೊತ್ತೇರಿದ ಮ್ಯಾಲ ಇವ್ರೇ ಕರಸಿದ್ ಜೀಪ್ ಬಂತು. ಸಾಹೇಬ್ರು ಎಲ್ಲೋ ದೂರದವ್ರಂತ. ಗುಡ್ಡ ನೋಡಾಕ ಮಂದಿ ಬರೂಹಂಗ ಮಾಡ್ತೀವಿ, ಊರವ್ರು ಅದಕ್ಕ ಏನಂತೀರಿ ಕೇಳಾಕ ಬಂದೀವಿ ಅಂದ್ರು. ಹೆಣ್ಮಕ್ಕಳೆಲ್ಲ ಕಟ್ಟಿ ಕಡೆ ನಿಂತಿದ್ವಿ. ಅತ್ತಿಯೋರು ಹಿರೇರಲ್ಲ, ಅವರನೇ ಕೇಳಿದ್ರು. ಅಮ್ಮಾ, ಈ ಗುಡ್ಡದ ಹೆಸರೇನ್ರಿ, ಜರಾ ಹೇಳ್ರಿ ಅಂತ.’

‘ಅವ್ವ ಏನಂದ್ಲು?’

‘ಏನಂತಾರ? ಇವರ ಮಾರಿ ನೋಡಿದ್ರು.’

‘ಅಣ್ಣ?’

ವೈನಿ ರೊಟ್ಟಿ ಹಂಚಿನ ಮೇಲೆ ಹಾಕಿದಳು. ಮೇಲೆ ನೀರು ಸವರಿದಳು. ಆಮೇಲೆ ಹೇಳಿದಳು. ‘ಹೆಸರಿಲ್ರಿ ಸಾಹೇಬ್ರ, ಬರೇ ಗುಡ್ಡ ಅಂತೀವಿ ಅಂದ್ರು.’

‘ನೀವ್ಯಾರೂ ಏನೂ ಅನ್ನಲಿಲ್ಲೇನು?’

‘ನಾ ಹ್ಯಾಂಗ ಅನ್ಲಿ ತಂಗಿ? ಗಂಡನ ಹೆಸರು ಗಂಡನ ಮುಂದ ನಿಂತು ಅನ್ಲೇನು? ಬಾಜೂಮನಿ ಖಾಲಾನೂ ಇದ್ಲು. ಆಕಿ ಭಾವನ ಹೆಸರೂ ಅದೇ. ಹೇಳೂ ಹುಡುಗ್ಯಾರು ಸಾಲಿಗಿ ಹೋಗಿದ್ರು. ಸಾಹೇಬ್ರು ಮತ್ತೊಮ್ಮಿ ಕೇಳಿದ್ರು, ಅತ್ತಿಯೋರು ಮತ್ತೊಮ್ಮಿ ಇವರ ಮಾರಿ ನೋಡಿದ್ರು. ಇವ್ರು ಗುಡ್ಡ ನೋಡ್ಕೋತ ನಿಂತ್ರು. ಆಮ್ಯಾಲ ಸಾಗರಗಿರಿ ಅಂತ ಇಡ್ರಿ ಅಂತ ಇವ್ರೇ ಅಂದ್ರು.’

ಎಲ್ಲ ತಿಳಿಯಿತು. ಸಂತೆಯ ದಿನ ಆರಿಸಿದ್ದು, ಶಾಲೆಯ ಹೊತ್ತು ಆರಿಸಿದ್ದು, ನನಗೆ ಸುದ್ದಿ ಹೇಳದೆ ಬಿಟ್ಟದ್ದು. ಹೆಸರು ಹೇಳಬಲ್ಲ ಒಬ್ಬೊಬ್ಬರನ್ನೂ ಲೆಕ್ಕ ಹಾಕಿ ದೂರ ಇಟ್ಟಿದ್ದಾನೆ. ಅವ್ವ ಹೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವಳು ಯಾರ ಮುಖ ನೋಡುತ್ತಾಳೆ ಎಂಬುದೂ ಗೊತ್ತಿತ್ತು. ಬೇರೆ ಯಾವ ಊರಿನವನಿಗೂ ಈ ಮೋಸ ಮಾಡಲು ಬರುವುದಿಲ್ಲ. ಅದಕ್ಕೆ ಆ ಮನೆಯಲ್ಲೇ ಹುಟ್ಟಬೇಕು, ಆ ಅವ್ವನ ಕೈತುತ್ತೇ ಉಣ್ಣಬೇಕು.

ಅಣ್ಣ ಬೋರ್ಡಿನ ಹತ್ತಿರ ಇದ್ದ. ಬಂದವರು ಕೂರಲು ಪರಸಿ ಬೆಂಚು ಹಾಕಿಸುತ್ತಿದ್ದ. ಕಲ್ಲು ಶಹಾಬಾದಿನದೇ. ನನ್ನನ್ನು ಕಂಡು, ‘ಬಂದ್ಯಾ ತಂಗಿ? ನೋಡು, ನಿನ್ನ ಸಮುದ್ರ’ ಎಂದು ನಕ್ಕ. ಆ ನಗುವಿನಲ್ಲಿ ಸ್ವಲ್ಪ ಅಳುಕಿತ್ತು, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ತಿಳಿಯದೆ ಮಾಡಿದವನಿಗೆ ಅಳುಕು ಎಲ್ಲಿಂದ ಬರಬೇಕು?

‘ಸಮುದ್ರ ಇದ್ದಾಗ ಈ ಗುಡ್ಡ ಇರಲಿಲ್ಲ ಅಂತ ಹೇಳಿದ್ನೋ ಇಲ್ಲೋ?’

‘ಹೇಳಿದ್ದಿ. ಅದು ಬೋರ್ಡಿನ್ಯಾಗ ಹಿಡಸಲಿಲ್ಲ.’

‘ಹಳೀ ಹೆಸರು? ಅದೂ ಹಿಡಸಲಿಲ್ಲೇನು?’

ಅವನು ಬೆಂಚಿನ ಮೇಲೆ ಕೂತ. ನನಗೂ ಕೂರು ಎಂದ, ನಾನು ಕೂರಲಿಲ್ಲ. ಕಲಬುರಗಿಯ ಮಾತು ಆವತ್ತು ಮೊದಲ ಸಲ ಹೇಳಿದ. ‘ರೂಮ್ ಬಾಡಗಿ ಕೇಳಾಕ ಹೋದ್ರ ಹೆಸರು ಕೇಳ್ತಿದ್ರು. ಹೇಳಿದ್ ಕೂಡ್ಲೇ ಬಾಗಲಾ ಮುಚ್ಚತಿದ್ರು. ಇವ್ರು ನೀ ಅವರಾಂವ ಅಂತಿದ್ರು, ಅವ್ರು ನೀ ಇವರಾಂವ ಅಂತಿದ್ರು. ನಾ ಯಾರಾಂವ ಅಂತ ಹೇಳ್ಲಿ? ಗುಡ್ಡದಾಂವ ಅಂತ ಹೇಳ್ಲಿ? ಈಗಿನ ದಿನಮಾನದಾಗ ಆ ಹೆಸರು ಕೇಳಿದ್ರ ಮಂದಿ ಗುಡ್ಡ ನೋಡಂಗಿಲ್ಲ, ಇದು ಯಾರದು ಅಂತ ಜಗಳ ತಗೀತಾರ. ಸಾಗರಗಿರಿ ಅಂದ್ರ ಯಾರದೂ ಅಲ್ಲ. ಯಾರೂ ಜಗಳಾಡಂಗಿಲ್ಲ.’

ಅವನ ಮಾತು ಪೂರ್ತಿ ಸುಳ್ಳಲ್ಲ. ಆ ಬಾಗಿಲುಗಳ ಮುಂದೆ ನಿಂತ ಹುಡುಗ ನನ್ನ ಕಣ್ಣಿಗೆ ಕಟ್ಟಿದ. ಅಷ್ಟು ವರ್ಷ ಒಂದು ಮಾತು ಹೇಳಿಕೊಂಡಿರಲಿಲ್ಲವಲ್ಲ. ಆದರೂ ಬಿಡಲಿಲ್ಲ.

‘ನಿನ್ನ ಹೆಸರು ಬ್ಯಾಡಾದ್ರ ನಿನ್ನದು ಬದ್ಲಿ ಮಾಡ್ಕೋ. ಗುಡ್ಡದ್ದು ಯಾಕ ತಗದಿ?’

‘ಗುಡ್ಡದ್ದು ಇರೂತನ ನಂದೂ ಇರ್ತದ.’

‘ಅವ್ವ ನಿನ್ನ ಮಾರಿ ನೋಡಿದ್ಲಂತ.’

ಅವನು ಬೆಂಚಿನ ಮೇಲಿನ ಸಿಮೆಂಟಿನ ಪುಡಿ ಕೈಯಿಂದ ಒರೆಸಿದ. ಆಮೇಲೆ ನನ್ನನ್ನು ನೋಡದೆ ಅಂದ, ‘ಆಕಿ ಹೇಳಬೇಕಿತ್ತು. ಆಕಿ ಬಾಯಿ ಯಾರು ಹಿಡದಿದ್ರು?’

ನಾನು ಅವನನ್ನು ಎಷ್ಟೋ ಸಲ ಕ್ಷಮಿಸಿದ್ದೇನೆ, ಅವನೂ ನನ್ನನ್ನು. ಆ ಮಾತನ್ನು ಮಾತ್ರ ಕ್ಷಮಿಸಿಲ್ಲ. ಮಾವನ ಮೇಲಿನ ಮರ್ಯಾದೆಗೆ ಒಬ್ಬ ಹೆಂಗಸು ಇಡೀ ಜನ್ಮ ಬಾಯಿ ಕಟ್ಟಿಕೊಂಡಳು, ಅದನ್ನೇ ಹಗ್ಗ ಮಾಡಿ ಅವಳನ್ನು ಕಟ್ಟಿಹಾಕಿ, ಈಗ ಕಟ್ಟಿಕೊಂಡವಳು ನೀನೇ ಅನ್ನುತ್ತಾನೆ. ‘ನೀ ನನ್ನ ಅಣ್ಣ ಅಲ್ಲ’ ಎಂದು ಹೇಳಿ ಬಂದೆ. ಸಿನಿಮಾದ ಮಾತಿನ ಹಾಗಿತ್ತು, ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೇ.

ಮನೆಗೆ ಬರುವ ದಾರಿಯುದ್ದಕ್ಕೂ ತಲೆಯಲ್ಲಿ ಲೆಕ್ಕ ಹಾಕಿದೆ. ಬೋರ್ಡು ನಿಂತಿದೆ ನಿಜ, ಆದರೆ ಹೆಸರು ಇನ್ನೂ ಕಾಯಂ ಆಗಿಲ್ಲ, ತಕರಾರಿದ್ದರೆ ಚಿಂಚೋಳಿಯ ಕಚೇರಿಗೆ ಬಂದು ಹೇಳಬಹುದು ಎಂದು ವೈನಿ ಹೇಳಿದ್ದಳು. ಗಂಡಸರು ರಸ್ತೆ ಆಗುತ್ತದೆ ಎಂಬ ಖುಷಿಯಲ್ಲಿದ್ದರು, ಅವರಿಂದ ಏನೂ ಆಗುವುದಿಲ್ಲ. ನಾನು ಒಬ್ಬಳೇ ಹೋದರೆ ಕೊಟ್ಟ ಹೆಣ್ಣು, ಹೊರಗಿನವಳು. ಆದರೆ ಅವ್ವ ನನ್ನ ಜೊತೆ ಬಂದರೆ? ಸಾಹೇಬರು ಕೇಳಿದ್ದು ಅವ್ವನನ್ನು. ಅವ್ವ ಬಂದು, ಅಣ್ಣನ ಬದಲು ನನ್ನ ಮುಖ ನೋಡಿದರೆ ಸಾಕು. ನಾನು ಹೆಸರು ಹೇಳುತ್ತೇನೆ, ಅವಳು ಹೌದು ಎಂದು ತಲೆಯಾಡಿಸಿದರೆ ಮುಗಿಯಿತು.

ಅವ್ವ ಹಿತ್ತಲಲ್ಲಿ ಮೊರದ ತುಂಬ ತೊಗರಿ ಹಾಕಿಕೊಂಡು ಹರಳು ಆರಿಸುತ್ತ ಕೂತಿದ್ದಳು. ಎದುರಿಗೇ ಗುಡ್ಡ. ನಾನು ಅವಳ ಪಕ್ಕ ಕೂತು ಎಲ್ಲ ಹೇಳಿದೆ. ನಾಳೆ ಬೆಳಗಿನ ಬಸ್ಸಿಗೇ ಹೋಗೋಣ, ನೀನು ಒಂದು ಅಕ್ಷರವೂ ಆಡಬೇಕಾಗಿಲ್ಲ ಎಂದೆ. ಅವ್ವನ ಬೆರಳು ತೊಗರಿಯಲ್ಲಿ ಆಡುತ್ತಲೇ ಇತ್ತು.

‘ಬೋರ್ಡಿನ ಮ್ಯಾಲ ಏನಂತ ಬರದಾರ?’ ಎಂದು ಕೇಳಿದಳು.

‘ಸಾಗರಗಿರಿ ಅಂತ. ಸುಳ್ಳ ಅದು.’

‘ಸಾಗರಗಿರಿ’ ಅಂದಳು ಅವ್ವ. ಮತ್ತೊಮ್ಮೆ ಅಂದಳು, ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ. ಗುಡ್ಡದ ಕಡೆ ತಿರುಗಿ ಮತ್ತೊಮ್ಮೆ. ಅವಳ ಮುಖದ ಮೇಲೆ ನಗು ಬಂತು. ‘ನೋಡು, ಇದು ನನ್ನ ಬಾಯಿಗಿ ಬರ್ತದ.’

ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಮನಸ್ಸಿರಲಿಲ್ಲ ಎಂದರೂ ಸರಿ.

‘ಈ ಮನಿಗಿ ಬಂದಾಗಿಂದ ಅದರ ನೆಳ್ಳಾಗೇ ಇದ್ದೀನಿ ಯವ್ವಾ. ಒಮ್ಮೆರೆ ಅದರ ಹೆಸರು ಅಂದಿಲ್ಲ. ಹಡದ ಮಗನ್ನ ಹೆಸರು ಹಿಡದು ಕರದಿಲ್ಲ. ಹೊಸ್ತಾಗಿ ಬಂದಾಗ ಕಟಗಿ ತರಾಕ ಹೋಗಿ ದಾರಿ ತಪ್ಪಿದ್ದೆ. ಆಕಡಿ ತೆಲುಗು ಮಂದಿ ಸಿಕ್ರು. ಎಲ್ಲಿಗಿ ಹೋಗಬೇಕವ್ವಾ ಅಂತ ಕೇಳಿದ್ರು. ಗುಡ್ಡದ ಹೆಸರು ಅಂದಿದ್ರ ಸಾಕಿತ್ತು, ಕೈ ಮಾಡಿ ತೋರಸ್ತಿದ್ರು. ಅನ್ನಲಿಲ್ಲ. ಅಳಕೋತ ಹೊತ್ತು ಮುಳುಗೂತನ ತಿರಗೀನಿ. ಮನಿಗಿ ಬಂದ ಮ್ಯಾಲ ನಿಮ್ಮಜ್ಜಿ ಭಾಳ ಖುಷಿಯಾದ್ಲು, ಹೆಸರು ಅನ್ನಲಿಲ್ಲಲ್ಲ ಅಂತ.’

‘ಹಂಗಾರ ಅಣ್ಣ ಮಾಡಿದ್ದು ಸರಿ ಅಂತೀಯೇನು?’

‘ಅಂವ ನನಗ ಮೋಸ ಮಾಡ್ಯಾನ’ ಎಂದಳು ಅವ್ವ. ಎಷ್ಟು ತಣ್ಣಗೆ ಅಂದಳೆಂದರೆ ನನಗೇ ಭಯವಾಯಿತು. ‘ಆ ಮಂದ್ಯಾಗ ಅವನ ಮಾರಿ ನೋಡಿ ನಿಂತಿದ್ದೆ ನಾ. ಅವತ್ತಿಂದ ಅವನ ಕೈಲಿಂದ ನೀರು ಸುದ್ದಾ ಇಸಗೊಂಡಿಲ್ಲ. ಅದು ಬ್ಯಾರೆ. ಆದ್ರ ನಿನ್ನ ಸಂಗಾಟ ಚಿಂಚೋಳಿಗಿ ನಾ ಬರಲ್ಲ. ಆ ಹೆಸರು ಮತ್ತ ತಂದು ನನ್ನ ತಲಿ ಮ್ಯಾಲ ಕುಂದ್ರಸಬ್ಯಾಡ.’

‘ಅವ್ವಾ, ಅದು ಸುಳ್ಳು ಹೆಸರು. ಇಲ್ಲಿ ಯಾವ ಸಾಗರನೂ ಇರಲಿಲ್ಲ.’

‘ಇಲ್ಲದಿದ್ರ ಬಿಡು. ನನಗ ಸಾಗರ ಬೇಕಾಗಿಲ್ಲ.’ ಮತ್ತೆ ಗುಡ್ಡದ ಕಡೆ ತಿರುಗಿದಳು. ಕೂಸಿಗೆ ಮಾತು ಕಲಿಸುವವರ ಹಾಗೆ, ಆದರೆ ಕೂಸೂ ತಾನೇ ಆಗಿ, ‘ಸಾಗರಗಿರಿ’ ಎಂದಳು.

ಅಣ್ಣ ಕೈಬಿಟ್ಟಾಗ ಸಿಟ್ಟು ಬಂದಿತ್ತು. ಅವ್ವ ಕೈಬಿಟ್ಟಾಗ ನನಗೆ ಬಂದದ್ದು ಸಿಟ್ಟಲ್ಲ. ಯಾರಿಗಾಗಿ ಅಷ್ಟು ದೂರದಿಂದ ಬಂದಿದ್ದೆನೋ, ಯಾರ ಪರವಾಗಿ ಅಣ್ಣನನ್ನೇ ಕಳೆದುಕೊಂಡು ಬಂದಿದ್ದೆನೋ, ಅವಳೇ ಆ ಸುಳ್ಳಿನ ಕಡೆ ಹೋಗಿ ಕೂತಳು. ಆ ಹೆಸರನ್ನು ನಾನು ಹುಟ್ಟಿದಾಗಿನಿಂದ ಬಾಯಿ ತುಂಬ ಅಂದಿದ್ದೇನೆ, ಕಚೇರಿಗಳಲ್ಲಿ ಅವ್ವನ ಪರವಾಗಿ ಅಂದಿದ್ದೇನೆ, ಅದು ನನ್ನ ತವರೇ ಎಂದುಕೊಂಡಿದ್ದೇನೆ. ಅದು ಹೋದರೆ ಅವ್ವನಿಗೆ ಹಗುರವಾಗುತ್ತದೆ ಎಂದರೆ ನಾನು ಇಷ್ಟು ವರ್ಷ ಹಿಡಿದುಕೊಂಡಿದ್ದಾದರೂ ಏನು? ಎದ್ದು ನಿಂತೆ. ಅವ್ವನ ಮುಖಕ್ಕೆ ನೇರವಾಗಿ, ಹಿತ್ತಲೆಲ್ಲ ಕೇಳುವ ಹಾಗೆ, ಗುಡ್ಡದ ಹೆಸರು ಒದರಿದೆ.

ಅವ್ವನ ಕೈ ಮೊರ ಬಿಟ್ಟು ತಲೆಗೆ ಹೋಯಿತು. ಸೆರಗು ಹಣೆಯವರೆಗೆ ಬಂತು, ಬೆನ್ನು ಬಾಗಿತು, ಕಣ್ಣುಗಳು ನೆಲಕ್ಕಿಳಿದವು. ಮಾವ ಎದುರು ಬಂದಾಗ ಸೊಸೆ ಹೇಗೆ ಕುಗ್ಗುತ್ತಾಳೋ ಹಾಗೆ ಕುಗ್ಗಿ ಕೂತಳು. ಮಾವ ತೀರಿ ಎಷ್ಟೋ ಕಾಲವಾಗಿತ್ತು. ಕ್ಷಣದ ಹಿಂದೆ ಗುಡ್ಡವನ್ನು ಹೆಸರು ಹಿಡಿದು ಕರೆದು ನಗುತ್ತಿದ್ದ ಹೆಂಗಸು ಅಲ್ಲಿ ಇರಲಿಲ್ಲ. ಮೊರದಿಂದ ಉರುಳಿದ ತೊಗರಿ ನನ್ನ ಕಾಲಿನ ಸುತ್ತ ಬಿದ್ದಿತ್ತು.

ಸೆರಗಿನ ಒಳಗಿನಿಂದಲೇ, ತಲೆ ಎತ್ತದೆ, ಅವ್ವ ಕೇಳಿದಳು: ‘ಅಂದ್ಯಲ್ಲ? ಈಗ ಸಮಾಧಾನ ಆತೇನವ್ವಾ?’